ಬಸವಣ್ಣೆವ್ವನ ಗಡಿಗೆ

ನನ್ನ ಗಂಡ ಮುರುಗೆಪ್ಪ ಸತ್ತು ಐದು ತಿಂಗಳಾಯಿತು. ಕನ್ನಡ ಸಂಘದವರು ಅವರ ಬಗ್ಗೆ ಬರೆದು ಕೊಡಿ ಎಂದರು. ಇದ್ದದ್ದು ಬರೆಯುತ್ತೇನೆ.

ಪುಣೆಯ ಸ್ವಾರಗೇಟಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅದು ಸಂಬಳದ ಕೆಲಸ. ಮನಸ್ಸಿನ ಕೆಲಸ ಬೇರೆ. ಆಸ್ಪತ್ರೆಯಲ್ಲಿ ದಿಕ್ಕಿಲ್ಲದವರು ಸತ್ತರೆ ಮೂರು ಮಂಡಳಿಗಳು ಕೂಡಿ ಅವರನ್ನು ಕಳಿಸಿಕೊಡುತ್ತಿದ್ದವು. ಮಧುಕರರ ಗಣೇಶ ಮಂಡಳದವರು ಗಾಡಿ ತರುತ್ತಿದ್ದರು. ನೀಲಿಮಾತಾಯಿಯ ಮಹಿಳಾ ಮಂಡಳದವರು ಹೆಣ ತೊಳೆದು ಹೊಸ ಬಟ್ಟೆ ಉಡಿಸುತ್ತಿದ್ದರು. ನಮ್ಮ ಸಂಘದವರು ಸತ್ತವರ ಊರು ಹುಡುಕುತ್ತಿದ್ದರು. ಮೂರೂ ಮಂಡಳಿಗಳ ನಡುವೆ ಓಡಾಡುವವರು ಇವರು. ಮರಾಠಿಯಲ್ಲಿ ಬೈಸಿಕೊಂಡು ಕನ್ನಡದಲ್ಲಿ ಸಮಾಧಾನ ಹೇಳುವುದು.

"ಸತ್ತವ್ರು ಒಬ್ಬರೂ ನನಗ ಬೈದಿಲ್ಲ ನೋಡು. ಬೈಯವ್ರೆಲ್ಲಾ ಜೀವಂತ ಇದ್ದವ್ರು" ಎಂದು ನಗುತ್ತಿದ್ದರು.

ಬಸವಣ್ಣೆವ್ವ ಬೈಲಹೊಂಗಲ ಕಡೆಯ ಮುದುಕಿ. ಕೋಥರೂಡದ ಸೊಸಾಯಟಿ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹಿಂದೆ ಮುಂದೆ ಯಾರೂ ಇಲ್ಲ. ಆಸ್ಪತ್ರೆಯ ಮಂಚದ ಮೇಲೆ ಇವರ ಕೈ ಹಿಡಿದುಕೊಂಡಳು.

"ಯಪ್ಪಾ, ನನ್ನ ಸುಡಬ್ಯಾಡ್ರಿ. ಬೆಂಕಿ ಅಂದ್ರ ಭಾಳ ಅಂಜಿಕಿ. ನಮ್ಮವರ ನಡುವ ಮಣ್ಣ ಮಾಡ್ರಿ."

"ಮಾಡ್ತೀನಿ ಬೇ. ನನ್ನಾಣಿ."

ಅವಳು ಸತ್ತ ದಿನ ಇವರು ಆಫೀಸಿನ ಕೆಲಸಕ್ಕೆ ಚಾಕಣಕ್ಕೆ ಹೋಗಿದ್ದರು. ಅಲ್ಲಿಂದಲೇ ಮಧುಕರರಿಗೆ ಫೋನ್ ಮಾಡಿದರು. "ಮಾತೀಚೀ ಸಗಳೀ ತಯಾರೀ ಝಾಲೀ" ಎಂದರು ಮಧುಕರ. ಮಣ್ಣಿನ ತಯಾರಿ ಎಲ್ಲ ಆಗಿದೆ ಎಂದು ಇವರು ತಿಳಿದರು. ನಮಗೆ ಮಣ್ಣು ಎಂದರೆ ಹೂಳುವುದು. ಮರಾಠಿಯವರಿಗೆ ಸುಟ್ಟರೂ ಅದು ಮಾತಿಯೇ. ಮೂವತ್ತು ವರ್ಷ ಪುಣೆಯಲ್ಲಿದ್ದವರಿಗೆ ಇದು ಗೊತ್ತಿತ್ತು. ಆ ದಿನ ಕನ್ನಡದ ಕಿವಿಯಿಂದ ಕೇಳಿದರು.

ಇವರು ಬರುವಷ್ಟರಲ್ಲಿ ಬಸವಣ್ಣೆವ್ವ ಸುಟ್ಟು ಬೂದಿಯಾಗಿದ್ದಳು. ಅವಳ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ನೀಲಿಮಾತಾಯಿ ಬೆಳ್ಳಿ ಒಡವೆ ಎಂದು ಕವರಿನಲ್ಲಿ ಹಾಕಿ ಇಟ್ಟಿದ್ದರು. ಅದನ್ನೂ ಬೂದಿಯ ಗಡಿಗೆಯನ್ನೂ ಇವರು ಮನೆಗೆ ತಂದರು.

"ಹೆಣದ ಬೂದಿ ಮನಿಯೊಳಗ ತರತಾರೇನ್ರಿ?" ಎಂದೆ.

"ನದೀಗೆ ಬಿಡು ಅಂತಾನ ಮಧುಕರ. ಆಕಿ ಮಣ್ಣು ಅಂದಾಳ, ನೀರು ಅಂದಿಲ್ಲ."

ಗಡಿಗೆ ಗ್ಯಾಲರಿಯಲ್ಲಿ ಕೂತಿತು. ಎಂಟು ದಿನದ ಮೇಲೆ ಬಟ್ಟೆ ಒಣಹಾಕಲು ಅದನ್ನು ಸರಿಸಿದೆ. ಬಿಸಿ ಇತ್ತು. ಬಿಸಿಲಿಗೆ ಕಾದಿದೆ ಎಂದುಕೊಂಡೆ. ಒಳಗೆ ಬಾಗಿಲ ಹಿಂದೆ ನೆರಳಿಗೆ ಇಟ್ಟೆ. ಮರುದಿನವೂ ಬಿಸಿ. ತಿಂಗಳಾಯಿತು, ಡಿಸೆಂಬರ್ ಚಳಿ ಬಂತು, ಆಗಲೂ ಬಿಸಿ. ಮುಚ್ಚಳ ತೆಗೆದು ನೋಡಿದೆ. ಬರೀ ಬೂದಿ, ಕೆಂಡ ಇಲ್ಲ. ಪಕ್ಕದ ಮನೆಯ ಬೆಕ್ಕು ಬಂದು ಗಡಿಗೆಯನ್ನು ಸುತ್ತಿಕೊಂಡು ಮಲಗತೊಡಗಿತು, ಒಲೆಯ ಹತ್ತಿರ ಮಲಗಿದ ಹಾಗೆ.

ಗಡಿಗೆ ಹೂಳಲು ಜಾಗ ಕೇಳಿ ನಮ್ಮ ಲಿಂಗಾಯತರ ರುದ್ರಭೂಮಿಯ ಕಮಿಟಿಗೆ ಇವರು ನಾಲ್ಕು ಸಲ ಹೋದರು. ಕಡೆಯ ಸಲ ಮಧುಕರ, ನೀಲಿಮಾತಾಯಿ ಇಬ್ಬರೂ ಜೊತೆಗೆ ಹೋಗಿ ತಪ್ಪು ನಮ್ಮದು ಎಂದು ಕೈಮುಗಿದರು. ಕಮಿಟಿಯ ಹಿರಿಯ ಸಿದ್ದಾರೂಢರದು ಒಂದೇ ಮಾತು: "ಸುಟ್ಟದ್ದನ್ನ ಹೂಳೂ ಪದ್ಧತಿ ನಮ್ಮಲ್ಲಿಲ್ಲ."

ಆಮೇಲೆ ಇವರು ನಗುವುದು ಬಿಟ್ಟರು. ರಜೆ ಹಾಕಿ ಮನೆಯಲ್ಲೇ ಕೂತರು. ಊಟ ಮಾಡಿ ಗಡಿಗೆಯ ಪಕ್ಕ ಕೂತು ಕೈ ಇಡುತ್ತಿದ್ದರು.

"ಇನ್ನೂ ಆರಿಲ್ಲ ತ್ರಿವೇಣಿ. ಸುಡಾಕತ್ತದ ಆಕಿಗೆ."

ಒಂದು ಮಧ್ಯಾಹ್ನ ಕಾಯಿಪಲ್ಲೆ ತಂದು ಬಾಗಿಲು ತೆರೆದೆ. ಗಡಿಗೆಯ ಮೇಲೆ ಕೈ ಇಟ್ಟುಕೊಂಡೇ ಗೋಡೆಗೆ ಒರಗಿದ್ದರು. ಜೀವ ಇರಲಿಲ್ಲ. ಹಣೆ ತಣ್ಣಗಿತ್ತು, ಪಾದ ತಣ್ಣಗಿತ್ತು. ಆ ಕೈಯೊಂದು ಮಾತ್ರ ಬೆಚ್ಚಗಿತ್ತು.

ಮರುದಿನ ಮೂರೂ ಮಂಡಳಿಯವರು ಬಂದರು, ಸಿದ್ದಾರೂಢರೂ ಬಂದರು. ಇವರನ್ನು ಕೂಡಿಸಿ ವಿಭೂತಿ ಹಚ್ಚಿದರು. ಎತ್ತುವ ಹೊತ್ತಿಗೆ ನಾನು ಗಡಿಗೆ ತಂದು ಮುಂದಿಟ್ಟೆ.

"ಇದೂ ಇವರ ಜೋಡಿ, ತೊಡಿ ಮ್ಯಾಲೆ ಹೋಗಬೇಕು."

"ತಂಗಿ, ತಲಿ ಕೆಟ್ಟದೇನು?" ಎಂದರು ಸಿದ್ದಾರೂಢರು. "ಪರ ಹೆಂಗಸಿನ ಬೂದಿ ಗಂಡನ ತೊಡಿ ಮ್ಯಾಲೆ?"

"ಗಂಡ ನನ್ನವ. ತೊಡಿನೂ ನಂದ. ನಾ ಕೊಡಾಕತ್ತೀನಿ."

"ನಾಲ್ಕು ಮಂದಿ ಏನಂತಾರ?"

"ಅವರನ್ನ ಕರೀರಿ, ಕೇಳ್ತೀನಿ. ಇದು ಹೋಗಲಿಲ್ಲಂದ್ರ ಇವರನ್ನೂ ಕಳಸೂದಿಲ್ಲ."

ಮಧುಕರ ಗಾಡಿಯ ಕೀಲಿ ತೆಗೆದು ಕಿಸೆಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು. ಗಾಡಿ ಹೊರಡುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ನೀಲಿಮಾತಾಯಿ ಕೂತರು, ಅವರ ಹೆಂಗಸರು ಕೂತರು. ಆಮೇಲೆ ನಮ್ಮ ಸಂಘದವರೂ ಒಬ್ಬೊಬ್ಬರಾಗಿ ಕೂತರು. ನಿಂತವರು ಸಿದ್ದಾರೂಢರೊಬ್ಬರೇ. ಬಿಸಿಲು ಏರಿತು.

"ಆತು, ಏಳ್ರಿ" ಎಂದರು ಕಡೆಗೆ.

ಗುಣಿಯಲ್ಲಿ ಇವರನ್ನು ಕೂಡಿಸಿ ತೊಡೆಯ ಮೇಲೆ ಗಡಿಗೆ ಇಟ್ಟರು, ಅದರ ಮೇಲೆ ಅವಳ ಕರಡಿಗೆ. ಗಡಿಗೆ ಉರುಳದಂತೆ, ಕ್ರಿಯೆ ಮಾಡಿಸಲು ಬಂದ ಅಯ್ಯನವರು ಇವರ ಎರಡೂ ಕೈ ಹಿಡಿದು ಅದರ ಸುತ್ತ ತಂದರು. ತಟ್ಟನೆ ಬಿಟ್ಟರು. ತಮ್ಮ ಬೆರಳುಗಳನ್ನು ಬಾಯಿಗೆ ತಂದು ಊದಿಕೊಂಡರು. ನನ್ನನ್ನು ನೋಡಿದರು.

"ಮಣ್ಣು ಹಾಕ್ರಿ" ಎಂದೆ.

ಹಾಕಿದರು. ಕೊಟ್ಟ ಮಾತು ಉಳಿಯಿತು. ಅವರಿಬ್ಬರಿಗೂ ಅಲ್ಲಿ ತಂಪು ಇದೆಯೋ ಇಲ್ಲವೋ, ನನಗೆ ಹೇಳುವವರಿಲ್ಲ.