ಹಸನಬ್ಬನ ಚೀನೀ ಪುಸ್ತಕ

ಹಸನಬ್ಬ, ನಿನಗೆ ಚೀನೀ ಭಾಷೆ ಬರುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದವಳು ನಾನೇ. ಬಾಯಿ ತಪ್ಪಿ ಬಂದ ಮಾತಲ್ಲ ಅದು — ಹಿಂದಿನ ದಿನವೇ ಯೋಚಿಸಿ ಇಟ್ಟುಕೊಂಡಿದ್ದೆ.

ನಮ್ಮ ಕಂಪನಿಯನ್ನು ಚೀನಾದವರು ಕೊಂಡ ವರ್ಷ ನೆನಪಿದೆಯಲ್ಲ? ಇಲ್ಲಿ ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ಬಿಲ್ಡಿಂಗಿನಲ್ಲಿ ಅರ್ಧ ಮಂದಿ ಒಮ್ಮೆಲೇ ಚೀನೀ ಪಂಡಿತರಾಗಲು ಹೊರಟರು. ಮನೆಯಲ್ಲಿ ಮಕ್ಕಳು ಕೊಂಕಣಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಬೀಗುವ ನಾವು, ಶನಿವಾರದ ಕ್ಲಾಸಿನಲ್ಲಿ ಕುಳಿತು "ಇದು ನನ್ನ ಪೆನ್ನು" ಎಂದು ಒಕ್ಕೊರಲಿನಿಂದ ಒದರುತ್ತಿದ್ದೆವು. ಎಲ್ಲ ಅರ್ಧ ಕೊಡಗಳು. ನಾನೂ ಅಲ್ಲೇ ತುಳುಕಿದವಳು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ, ಮನೆಯ ಹಾಲ್‌ನಲ್ಲಿ ಯೇಸುವಿನ ಪಟದ ಪಕ್ಕವೇ ತೂಗುಹಾಕಿದೆ.

ನೀನು ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು. ಏಳನೇ ಕ್ಲಾಸು, ಕನ್ನಡ ಮೀಡಿಯಂ. ಚೀನಾದ ಕೆಲಸಗಾರರ ಜೊತೆ ಚಹಾ ಕುಡಿಯುತ್ತ ಕೇಳಿದ್ದನ್ನೆಲ್ಲ ನೀನು ಒಂದು ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. ದನಿ ಏರುವಲ್ಲಿ ಮೇಲ್ಮುಖದ ಬಾಣ, ಇಳಿಯುವಲ್ಲಿ ಕೆಳಮುಖದ್ದು. ಶಾಲೆಯ ಮಕ್ಕಳ ಹಾಗೆ ಖಾಕಿ ಕಾಗದದ ಬೈಂಡು ಬೇರೆ. ನಾನು ಆಫೀಸಿನಲ್ಲಿ ಅದನ್ನು ಹೇಳಿ ನಗಿಸಿದ್ದೇನೆ. ಆದರೆ ಒಮ್ಮೆ ಲಾರಿ ಇಳಿಸುವಲ್ಲಿ ಜಗಳವಾದಾಗ, ನೀನು ನಡುವೆ ನಿಂತು ಚೀನಿಯಲ್ಲಿ ಮಾತಾಡಿದ್ದನ್ನು ಕಣ್ಣಾರೆ ಕಂಡೆ. ಅವರು ನಕ್ಕರು, ನೀನೂ ನಕ್ಕೆ. ನನಗೆ ಒಂದು ವಾಕ್ಯವೂ ಅರ್ಥವಾಗಲಿಲ್ಲ. ಹೊಟ್ಟೆಕಿಚ್ಚು — ಬೇರೆ ಹೆಸರು ಯಾಕೆ ಕೊಡಲಿ?

ಆಮೇಲೆ ಚೀನಾದವರಿಗೂ ನಮ್ಮವರಿಗೂ ನಡುವೆ ಮಾತಾಡುವ ಹೊಸ ಹುದ್ದೆ ಬಂತು.

"ಲೀನಕ್ಕಾ, ನಾನೂ ಅರ್ಜಿ ಹಾಕ್ತೇನೆ. ಸಿಕ್ಕಿದ್ರೆ ಫ್ಯಾಮಿಲಿ ವೀಸಾ ಆಗ್ತದೆ. ಮಗಳು ನನ್ನನ್ನು ಫೋನಲ್ಲೇ ನೋಡಿ ದೊಡ್ಡವಳಾದ್ಳು," ಎಂದು ನೀನು ಹೇಳಿದೆ.

ಒಳ್ಳೆಯದಾಗಲಿ ಎಂದು ನಾನು ಹರಸಿದೆ. ಅದೇ ಬಾಯಲ್ಲಿ ನಿನ್ನ ಪುಸ್ತಕವನ್ನೂ ಕೇಳಿದೆ — "ಎರಡು ದಿನಕ್ಕೆ ಕೊಡು ಮಾರಾಯಾ." ಊರಿನವಳು, ಅಕ್ಕ... ನೀನು ಕೊಟ್ಟೆ.

ಮ್ಯಾನೇಜರು ನಿನ್ನ ಅರ್ಜಿ ಹಿಡಿದು ನನ್ನ ಮೇಜಿಗೆ ಬಂದರು. ಇವನಿಗೆ ನಿಜವಾಗಿ ಚೀನೀ ಬರುತ್ತದೆಯೇ ಎಂದು ಕೇಳಿದರು.

"ಗೋದಾಮಿನವರಿಗೆ ನಾಲ್ಕು ಬೈಗುಳ ಗೊತ್ತಿರ್ತದೆ ಸರ್, ಅಷ್ಟೆ," ಎಂದೆ.

ಅವರು ನಕ್ಕು ಹೋದರು. ಪುಸ್ತಕ ಆಗ ನನ್ನ ಡ್ರಾಯರಿನಲ್ಲೇ ಇತ್ತು. ಮರುದಿನ ನಾನೇ ಅರ್ಜಿ ಹಾಕಿದೆ; ಹುದ್ದೆ ನನಗಾಯಿತು.

ಮರುವರ್ಷ ಗೋದಾಮಿಗೆ ಯಂತ್ರಗಳು ಬಂದವು; ತೆಗೆದುಹಾಕುವವರ ಪಟ್ಟಿಯಲ್ಲಿ ನಿನ್ನ ಹೆಸರಿತ್ತು. ವೀಸಾ ಕ್ಯಾನ್ಸಲ್ ಆದ ದಿನ ಇಸ್ತ್ರಿ ಅಂಗಿ ತೊಟ್ಟು ನನ್ನ ಮುಂದೆ ಬಂದು ನಿಂತೆ. ಪುಸ್ತಕ ಕೇಳಲು ಬಂದಿದ್ದೀಯೆಂದೇ ತಿಳಿದಿದ್ದೆ.

"ಲೀನಕ್ಕಾ, ನಾನು ಯಾರಿಗೂ ಬೈದವನಲ್ಲ."

ಅಷ್ಟು ಹೇಳಿ ನೀನು ಹೊರಟುಬಿಟ್ಟೆ. ನಾನು ಆಡಿದ ಮಾತು ನಿನಗೆ ಗೊತ್ತಿತ್ತು — ಎಂದಿನಿಂದ, ಯಾರಿಂದ ಎಂದು ಕೇಳುವ ಮುಖ ನನಗಿರಲಿಲ್ಲ.

ಅಲ್ಲಿಯವರೆಗೆ ಬೇಕಾದ ಪುಟ ಮಾತ್ರ ತಿರುವುತ್ತಿದ್ದ ಪುಸ್ತಕವನ್ನು ನೀನು ಹೋದ ಮೇಲೆ ಮೊದಲಿನಿಂದ ಓದಿದೆ. ಹುಡುಕಿದರೂ ಒಂದು ಬೈಗುಳವಿಲ್ಲ. ಮೊದಲ ಸಾಲೇ "ಊಟ ಆಯ್ತಾ?" — ನಮ್ಮೂರಿನವರ ಹಾಗೆ ಅವರ ಹಿರಿಯರೂ ಎದುರು ಸಿಕ್ಕಾಗ ಅದನ್ನೇ ಕೇಳುತ್ತಾರಂತೆ. ನಮ್ಮ ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ನಿನ್ನ ಬಾಣಗಳನ್ನೇ ಹಿಡಿದು ಹೊಟ್ಟೆ ಹೊರೆದಿದ್ದೇನೆ. ಇಷ್ಟು ಸಹಜವಾಗಿ ಎಲ್ಲಿ ಕಲಿತಿರಿ ಎಂದು ಚೀನಾದವರು ಮೆಚ್ಚಿದಾಗಲೆಲ್ಲ ಆ ಶನಿವಾರದ ಕ್ಲಾಸಿನ ಹೆಸರು ಹೇಳಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು!

ಹೋದ ವಾರ ಚೀನಾದ ಹೊಸ ಡೈರೆಕ್ಟರೂ ಅದನ್ನೇ ಚೀನಿಯಲ್ಲಿ ಕೇಳಿದರು, ಮ್ಯಾನೇಜರ ಎದುರಿಗೇ. ಈ ಸಲ ನಿನ್ನ ಹೆಸರು ಹೇಳಿದೆ. ಅವರು ಈಗ ಎಲ್ಲಿದ್ದಾರೆ ಎಂದರು. ಊರಿಗೆ ಹೋದ ಎಂದು ಸುಮ್ಮನಾಗಬಹುದಿತ್ತು — ಆ ಎರಡು ಮಾತು ನಿನ್ನ ಪುಸ್ತಕದಲ್ಲೇ ಇದೆ. ಸುಳ್ಳು ಹೇಳಿ ಅವನ ಕೆಲಸ ಕಿತ್ತುಕೊಂಡವಳು ನಾನು ಎನ್ನಲು ಬೇಕಾದ ಮಾತು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.