ಹೊಂಗೆ ಎಣ್ಣೆಯಲ್ಲಿ ಹದವಾದ ಚಾಕು

ಗಂಡ ತೀರಿಕೊಂಡ ಮೇಲೆ ನಾನು ಹೊಸದುರ್ಗದಲ್ಲಿರುವ ಅಣ್ಣನ ಮನೆಗೆ ಬಂದೆ. ಮನೆಯ ಮುಂದೆಯೇ ಅಪ್ಪನ ಕಾಲದ ಕುಲುಮೆ ಇತ್ತು. ಬೈಕಿನಿಂದ ಬಿದ್ದು ಅಣ್ಣನ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಹಾಗಾಗಿ ಸುತ್ತಿಗೆ ನನ್ನ ಕೈಗೆ ಬಂತು; ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ನಿಂತು ನೋಡಿ ಕಲಿತಿದ್ದೆ. ಕುಡುಗೋಲು, ಕೊಡಲಿ, ಕುರಿಯವರ ಸೊಪ್ಪು ಕಡಿಯುವ ಕತ್ತಿ ಎಲ್ಲ ನಾನೇ ಬಡಿಯುತ್ತಿದ್ದೆ. ಗಿರಾಕಿ ಬಂದಾಗ ಮಾತ್ರ ಅಣ್ಣ ಎದ್ದು ಬಂದು ಅಡಿಗಲ್ಲಿನ ಹತ್ತಿರ ನಿಲ್ಲುತ್ತಿದ್ದ.

ಒಂದು ದಿನ ಚಿತ್ರದುರ್ಗದಿಂದ ಒಬ್ಬರು ಕಾರಿನಲ್ಲಿ ಬಂದರು. ಕಾಗದದ ಮೇಲೆ ಬೇಟೆ ಚಾಕುವಿನ ಚಿತ್ರ ಬರೆದು ತಂದಿದ್ದರು. "ಈಗ ಬೇಟೆ ಎಲ್ಲೈತ್ರಿ? ನಮ್ಮಜ್ಜನ ಹತ್ರ ಇಂಥದ್ದೊಂದು ಇತ್ತು. ಅಂಥದ್ದೇ ಬೇಕು, ಕೈಯಾಗೇ ಮಾಡಿದ್ದು" ಎಂದರು.

ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಕಾಯಿಸಿದೆ. ಎರಡು ದಿನ ಬಡಿದು, ಅರದಿಂದ ಉಜ್ಜಿ ಆಕಾರಕ್ಕೆ ತಂದೆ. ಹದ ಹಾಕುವ, ಅಂದರೆ ಕೆಂಪಗೆ ಕಾದ ಅಲಗನ್ನು ಅದ್ದಿ ಗಟ್ಟಿ ಮಾಡುವ ಹೊತ್ತಿಗೆ ಅಣ್ಣ ಇಕ್ಕಳ ಕಸಿದುಕೊಂಡ. "ಇದು ನೀರಿಗೆ ತಡೆಯಲ್ಲಣ್ಣ, ಎಣ್ಣೆಗೆ ಹಾಕಾಣ" ಎಂದೆ. "ನನಗೆ ಹೇಳ್ಕೊಡ್ತೀಯೇನೆ?" ಎಂದು ನೀರಿಗೇ ಅದ್ದಿದ. ಟಿಣ್ ಎಂದಿತು. ಅಲಗಿನ ನಡುವೆ ಕೂದಲಿನಷ್ಟು ಬಿರುಕು.

ಮಾರನೆಯ ದಿನ ಅವನು ಹೊಳಲ್ಕೆರೆಗೆ ಮದುವೆಗೆ ಹೋದ. ನಾನು ಹೊಸ ಪಟ್ಟಿ ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದೆ. ಅವನು ಇನ್ನೂ ಎರಡು ದಿನ ಅಲ್ಲೇ ಉಳಿದ. ಕಾದ ಕಬ್ಬಿಣದ ಬಣ್ಣ ಸರಿಯಾಗಿ ಕಾಣಲೆಂದು ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟು, ಕೆಂಪು ಒಂದೇ ಸಮ ಆದಾಗ ಹೊಂಗೆ ಎಣ್ಣೆಗೆ ಅದ್ದಿದೆ. ಹೊಗೆಗೆ ಕಣ್ಣು ಉರಿಯಿತು. ಅಲಗು ಬಿರುಕು ಬಿಡಲಿಲ್ಲ. ಅದರ ಬಿರುಸು ತಗ್ಗಲೆಂದು ಮತ್ತೆ ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದ ಕೂಡಲೇ ತೆಗೆದೆ. ಹುಣಸೆ ಮರದ ಗಟ್ಟಿ ಚೇಗಿನಿಂದ ಹಿಡಿ ಕೆತ್ತಿ ಕೂರಿಸಿದೆ. ಕೈಯಲ್ಲಿ ಹಿಡಿದಾಗ ಬಿಡಲು ಮನಸ್ಸಾಗಲಿಲ್ಲ.

ಚಾಕು ಒಯ್ಯಲು ಅವರು ಬಂದಾಗ ಅಣ್ಣ ಒಗೆದ ಅಂಗಿ ಹಾಕಿಕೊಂಡು ಕೂತಿದ್ದ. ಅವರು ಮುಂಗೈ ಮೇಲೆ ಅಲಗು ಎಳೆದರು. ಕೂದಲು ಉದುರಿತು. "ಎಂಥ ಹದ ಹಾಕೀರಪ್ಪ! ಯಾರು ಕಲ್ಸಿದ್ದು?"

"ನಮ್ಮಪ್ಪ ಸಾರ್. ಅದೆಲ್ಲ ಕಣ್ಣಳತೆ, ಹೇಳಿದ್ರೆ ಬರಲ್ಲ" ಎಂದ ಅಣ್ಣ.

ನಾನು ಟೀ ಲೋಟ ಹಿಡಿದು ನಿಂತಿದ್ದೆ. "ಈಯಮ್ಮ ಯಾರು?" ಎಂದು ಅವರು ಕೇಳಿದರು. "ನನ್ ತಂಗಿ. ಗಾಳಿ ಊದ್ತಾಳೆ, ಇದ್ದಿಲು ತುಂಬ್ತಾಳೆ." ಅವರು ಅಣ್ಣನ ಕೈಗೆ ಚಾಕು ಕೊಟ್ಟು ಮೊಬೈಲ್ ಎತ್ತಿದರು. "ನೀವೊಂಚೂರು ಆಕಡೆ ಹೋಗ್ರಮ್ಮ, ಫೋಟೋದಾಗೆ ಬರ್ತೀರಿ" ಎಂದರು. ನಾನು ಸರಿದೆ. ಅಂದ ಕೂಡಲೇ ಸರಿದುಬಿಟ್ಟೆನಲ್ಲ, ಇವತ್ತಿಗೂ ನನಗೆ ಅದರದ್ದೇ ಸಿಟ್ಟು.

ಕಾರು ಹೋದ ಮೇಲೆ ಕೇಳಿದೆ: "ಯಾಕಣ್ಣ ಹಂಗಂದೆ?"

"ಹೆಂಗಸು ಮಾಡಿದ್ದು ಅಂದ್ರೆ ಯಾವನು ತಗಂತಾನೆ? ಉಣ್ಣಾಕೆ ಇಕ್ಕಲ್ವೇನು ನಿನಗೆ? ಇನ್ನೇನು ಬೇಕು?"

ನಾನು ಕುಲುಮೆಗೆ ಹೋಗಿ ಹೊಂಗೆ ಎಣ್ಣೆಯ ಡಬ್ಬಕ್ಕೆ ಮುಚ್ಚಳ ಹಾಕಿದೆ.

ಫೋಟೋ ನೋಡಿ ಚಿತ್ರದುರ್ಗ, ಹಿರಿಯೂರಿನಿಂದ ಇನ್ನೂ ಮೂವರು ಚಾಕು ಮಾಡಿಕೊಡಲು ಹೇಳಿದರು. ನಾನು ಬಡಿದು ಆಕಾರ ಮಾಡಿ ಅಣ್ಣನ ಮುಂದಿಟ್ಟೆ. "ಹದ ನೀನೇ ಹಾಕು. ಅಪ್ಪ ಕಲ್ಸಿದ್ದು ನಿನಗಲ್ವಾ" ಎಂದೆ. ಅವನು ಹಾಕಿದ. ಎರಡು ಬಾಯಿ ಮುಕ್ಕಾಗಿ ವಾಪಸು ಬಂದವು, ಒಂದು ಬಾಗಿತು. "ಈಗಿನ ಕಬ್ಬಿಣವೇ ಸರಿಯಿಲ್ಲ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದುದನ್ನು ಒಳಗಿನಿಂದ ಕೇಳಿಸಿಕೊಂಡೆ. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಹದ ಹಾಕಿಕೊಡುತ್ತಿದ್ದೆ. ಅವನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಆಮೇಲೆ ಚಾಕು ಕೇಳಿಕೊಂಡು ನಮ್ಮ ಕುಲುಮೆಗೆ ಯಾರೂ ಬಂದಿಲ್ಲ.