ಅನ್ನಮ್ಮ ಹಾಡಿದ ಜೀನ ಬೀಗರು

ಅನ್ನಮ್ಮ ಹಾಡದ ಮದುವೆ ಜಯಪುರದ ಸುತ್ತಮುತ್ತ ಕಡಿಮೆ. ದಿನವಿಡೀ ಕಂಡವರ ತೋಟದಲ್ಲಿ ಕಳೆ ಕೀಳುವ ಈ ಹೆಂಗಸು ಮದುವೆಮನೆಯ ಚಾಪೆಯ ಮೇಲೆ ಕೂತಳೆಂದರೆ ಎಂಥ ದೊಡ್ಡ ಮನೆಯ ಬೀಗರನ್ನೂ ಬಿಡುವವಳಲ್ಲ. ಊಟದ ಹೊತ್ತಿಗೆ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಹಂಗಿಸಬೇಕು, ಅವರೂ ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಕೊಟ್ಟರೆ ಅಲ್ಲಿಗೆ ಮುಗಿಯಿತು, ಯಾರಿಗೂ ನೋವಿಲ್ಲ. ಈಗಿನ ಹುಡುಗಿಯರು ಮೊಬೈಲು ಹಿಡಿದು ನಗುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲ. ಹಾಗಾಗಿ ಅರವತ್ತೆಂಟರಲ್ಲೂ ಅನ್ನಮ್ಮನೇ ಗತಿ.

ಹಾಡು ಕಲಿಸಿದ ಅತ್ತೆ ಅವಳಿಗೆ ಒಂದು ಎಚ್ಚರಿಕೆ ಹೇಳಿದ್ದಳು. ಜುಗ್ಗ, ಜಿಪುಣ ಅಂತ ಬೀದಿಯಲ್ಲಿ ಯಾರು ಬೇಕಾದರೂ ಅಂದಾರು. ಜೀನ ಎನ್ನುವುದು ಹಾಡಿನಲ್ಲಿ ಉಳಿದ ಹಳೆಯ ಮಾತು, ಕೈಯಲ್ಲಿದ್ದೂ ಬಿಚ್ಚದವನಿಗೆ ಮೀಸಲು. ಇದ್ದವನಿಗೆ ಅಂದರೆ ನಗುತ್ತಾನೆ, ಇಲ್ಲದವನಿಗೆ ಅಂದರೆ ಹೊಟ್ಟೆಯ ಮೇಲೆ ಹೊಡೆದ ಹಾಗೆ. ನಲವತ್ತು ವರ್ಷ ಅನ್ನಮ್ಮ ಈ ಮಾತು ಮೀರಿರಲಿಲ್ಲ.

ಈ ಸಲದ ಮದುವೆ ಅವಳ ಮೊಮ್ಮಗಳು ಕಾವ್ಯಳದ್ದೇ. ತಾಯಿಯಿಲ್ಲದ ಕೂಸನ್ನು ಸಾಕಿದವಳು ಅನ್ನಮ್ಮ. ಗಂಡು ಕೆರೆಕಟ್ಟೆಯ ಧರ್ಮೇಶ, ಅವನ ಅಪ್ಪ ಹೂವಪ್ಪ. ಮನೆಯಲ್ಲಿ ಹೆಂಗಸಿಲ್ಲ, ಆದರೆ ಎರಡು ಹಸು, ಅರ್ಧ ಎಕರೆ ತೋಟ ಉಂಟು ಎಂದಿದ್ದ ಸಂಬಂಧ ತಂದವನು. ಅಂಥವರು ತಂದ ಮದುವೆ ಸೀರೆಯನ್ನು ಬೆಳಕಿಗೆ ಹಿಡಿದರೆ ಆಚೆಯ ಮನುಷ್ಯ ಕಾಣುತ್ತಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ ಎಂದುಕೊಂಡ ಅನ್ನಮ್ಮ, ಬೀಗರು ಎಲೆಯ ಮುಂದೆ ಕೂತ ಕೂಡಲೇ ಎತ್ತಿಯೇಬಿಟ್ಟಳು.

"ಸೀರೆಯೆಂದು ತಂದಾರೆ ಸೊಳ್ಳೆಯ ಪರದೆಯ
ಜೀನ ಬೀಗಣ್ಣನ ಕೈ ನೋಡಿರೇ."

ಸಮುದಾಯ ಭವನ ಹೋ ಎಂದು ನಕ್ಕಿತು. ಹೂವಪ್ಪ ಮಾತ್ರ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ ತಲೆ ತಗ್ಗಿಸಿದ. ಕೆರೆಕಟ್ಟೆಗೆ ಮಗಳನ್ನು ಕೊಟ್ಟಿದ್ದ ಪಕ್ಕದ ಮನೆಯ ಶಾಂತಕ್ಕ ಅನ್ನಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಎಂತ ಹಾಡಿದೆ ಮಾರಾಯ್ತಿ. ಹೆಂಡ್ತಿ ಆಸ್ಪತ್ರೆಗೆ ಅಂತ ಅವ್ನು ತೋಟ, ಹಸು ಎಲ್ಲ ಮಾರಿ ಆಯ್ತು. ಆದ್ರೂ ಅವ್ಳು ಉಳೀಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡಿನ ಕಡೆ ಬಂದಿದ್ದ ಹೆಂಗಸರೇ ಐದು ಜನ, ಒಬ್ಬರೂ ತಿರುಗಿಸಿ ಹಾಡಲಿಲ್ಲ. ಅತ್ತ ಕಾವ್ಯಳ ಮುಖ ಬಿಳಿಚಿಕೊಂಡಿತ್ತು. ನಾಲ್ಕು ಗಂಟೆಗೆ ದಿಬ್ಬಣದ ಬಸ್ಸು ಹೊರಡುತ್ತದೆ. ಇವತ್ತು ಅಜ್ಜಿ ಮಾಡಿದ ಅವಮಾನವನ್ನು ಹುಡುಗಿ ಆ ಮನೆಯಲ್ಲಿ ಎಷ್ಟು ವರ್ಷ ಉಣ್ಣಬೇಕೋ! ತಪ್ಪಾಯಿತು ಎಂದು ಕೈ ಮುಗಿಯೋಣವೆಂದರೆ ಅದು ಅವನ ಬಡತನವನ್ನು ಊರೆದುರು ಎತ್ತಿ ಹಿಡಿದಂತೆ. ಸುಮ್ಮನಿರೋಣವೆಂದರೆ ಆ ಎಲೆಯ ಮೇಲಿನ ಅನ್ನ ಆರುತ್ತಿದೆ.

ಅನ್ನಮ್ಮ ಎದ್ದಳು. ನಡುವಿನ ಜಾಗ ದಾಟಿ ಗಂಡಿನ ಕಡೆಯ ಹೆಂಗಸರ ನಡುವೆ ಹೋಗಿ ಕೂತಳು. ಹೆಣ್ಣಿನ ಕಡೆಯವಳು ಹಾಗೆ ಆಚೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಒಡಕು ದನಿಯಲ್ಲೇ ತನ್ನ ಮನೆಯನ್ನು ಹಂಗಿಸಿ ಹಾಡಿದಳು.

"ಅನ್ನಮ್ಮನ ಮನೆ ಸಾರು ತುಂಗೆಯ ತಿಳಿನೀರು
ಬೇಳೆಗೆ ಬಲೆಯ ಬೀಸಿರೇ."

ಯಾರೂ ನಗಲಿಲ್ಲ. ಅನ್ನಮ್ಮ ಹೂವಪ್ಪನ ಕಡೆ ನೋಡುವ ಧೈರ್ಯ ಮಾಡದೆ ಅದೇ ಸಾಲನ್ನು ಮತ್ತೆ ಎತ್ತಿದಳು. ಎರಡನೆಯ ಸಲಕ್ಕೆ ಪಕ್ಕದ ಮುದುಕಿಯೊಬ್ಬಳು ದನಿ ಕೂಡಿಸಿದಳು, ಆಮೇಲೆ ಉಳಿದವರೂ.

ಹೂವಪ್ಪ ತಲೆ ಎತ್ತಿದ.

"ಇಷ್ಟೇನಾ ಅನ್ನಮ್ಮಕ್ಕ? ನಮ್ಮೋಳು ಇದ್ದಿದ್ರೆ ನಿಮ್ಮನ್ನ ಇಷ್ಟಕ್ಕೇ ಬಿಡ್ತಿರ್ಲಿಲ್ಲ."

ಅವನ ಕಣ್ಣು ತುಂಬಿತ್ತು. ಬಡಿಸುವವನನ್ನು ಕರೆದು ಅನ್ನದ ಮೇಲೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.